ಗೋಡೆಯ ಮೇಲೆ ಒಂದು 'ನ' ಹೆಚ್ಚು

ಸರೋವರದ ದಡದ ನಮ್ಮೂರು ಸಾನ್ ತೆಲ್ಮೋದಲ್ಲಿ ದೇವರ ಹೆಸರನ್ನು ಅತಿ ಹೆಚ್ಚು ಸಲ ಬರೆದವರು ಯಾರು ಎಂದು ಕೇಳಿದರೆ ನಾನು ನಮ್ಮ ಪಾದ್ರಿಗಳ ಕಡೆ ಬೆರಳು ತೋರಿಸುವುದಿಲ್ಲ, ಎಲ್ಯುತೇರಿಯೋ ಮಗ್‌ಸುಂಬೋಲ್‌ನ ಮನೆಯ ದಾರಿ ತೋರಿಸುತ್ತೇನೆ. ಊರಿಗೆಲ್ಲ ಅವನು ಮಾಂಗ್ ಟೆರೋಯ್. ವಯಸ್ಸಾದವನೆಂಬ ಮರ್ಯಾದೆಗೆ ಆ 'ಮಾಂಗ್'. ನನಗೆ ಬರೀ ಟೆರೋಯ್. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತು ಒಬ್ಬರ ಪೆನ್ಸಿಲನ್ನು ಇನ್ನೊಬ್ಬರು ಕದ್ದು ಬೆಳೆದವರು ನಾವು. ನಾನು ಮುಂದೆ ಅದೇ ಶಾಲೆಗೆ ಮೇಷ್ಟ್ರಾದೆ. ಅವನು ಆರನೇ ತರಗತಿಗೆ ಓದು ಸಾಕೆಂದು ಜೀಪ್ನಿಗಳಿಗೆ ಬಣ್ಣ ಹೊಡೆಯಲು ಹೋದ.

ಸರೋವರದ ಸುತ್ತ ಜನರನ್ನು ತುಂಬಿಕೊಂಡು ಓಡುವ ಜೀಪ್ನಿಗಳಲ್ಲಿ ಅವನ ಕುಂಚ ಮುಟ್ಟದ ಗಾಡಿ ಒಂದು ಕಾಲದಲ್ಲಿ ಇರಲಿಲ್ಲ. ಮುಂಭಾಗದಲ್ಲಿ 'ದೇವರೇ, ನಮ್ಮ ಪ್ರಯಾಣ ಕಾಪಾಡು'. ಮಗ್ಗುಲಿಗೆ ಡ್ರೈವರನ ಮಕ್ಕಳ ಹೆಸರು. ಹಿಂದುಗಡೆ, ಕೆಸರು ಸಿಡಿಯುವ ಜಾಗದಲ್ಲಿ, ಹೆಂಡತಿ ಬಗ್ಗಿ ನೋಡಲಾರಳೆಂಬ ಧೈರ್ಯದ ಮೇಲೆ, ಇನ್ಯಾವಳದೋ ಹೆಸರು. ಮೂರನ್ನೂ ಟೆರೋಯ್ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಿದ್ದ. ಅಕ್ಷರದ ಅಂಚಿಗೆ ಕೆಂಪು, ಹೊಟ್ಟೆಗೆ ನೀಲಿ, ಮೇಲೊಂದು ಬಿಳಿ ಮಿಂಚು. ಕುಡಿದಾಗಲೂ ಕೈ ನಡುಗುತ್ತಿರಲಿಲ್ಲ, ಕಾಗುಣಿತ ತಪ್ಪುತ್ತಿರಲಿಲ್ಲ.

ಇಷ್ಟು ಬರೆದವನು ಪ್ರಾರ್ಥನೆ ಮಾಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅದಕ್ಕೊಂದು ಹಿನ್ನೆಲೆ ಇದೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವನಿಗೆ ಚರ್ಚಿನ ಸಭಾಂಗಣದ ಗೋಡೆಯ ಮೇಲೆ ಏಸುವಿನ ಕೊನೆಯ ಊಟದ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಹನ್ನೆರಡು ಮಂದಿ ಶಿಷ್ಯರಿಗೆ ಮುಖ ಎಲ್ಲಿಂದ ತರಬೇಕು? ಊರಿನ ಗಂಡಸರ ಮುಖಗಳನ್ನೇ ತಂದ. ನನಗೆ ಫಿಲಿಪ್ಪನ ಜಾಗ ಸಿಕ್ಕಿತು. ಏಸುವನ್ನು ಹಿಡಿದುಕೊಟ್ಟ ಜುದಾಸನಿಗೆ ಚರ್ಚ್ ಸಮಿತಿಯ ಅಧ್ಯಕ್ಷರ ಮುಖ ಸಿಕ್ಕಿತು, ಹಲ್ಲಿನ ಸಂದಿಯ ಸಮೇತ. ಆಗಿನ ಪಾದ್ರಿ ಕೆರಳಿ ಜುದಾಸನಿಗೆ ಸುಣ್ಣ ಬಳಿಸಿದರು. ಅದರಿಂದ ಇನ್ನೂ ಕೆಟ್ಟಿತು. ಊಟದ ಮೇಜಿನಲ್ಲಿ ಒಂದು ಬೋಳು ಜಾಗ ಉಳಿದು, ಬಂದವರೆಲ್ಲ "ಇಲ್ಲಿ ಯಾರಿದ್ರು?" ಎಂದು ಕೇಳಿ ಅಧ್ಯಕ್ಷರ ಹೆಸರು ತಿಳಿದುಕೊಂಡೇ ಹೋಗುತ್ತಿದ್ದರು. ಕ್ಷಮೆ ಕೇಳು ಎಂದರು, ಟೆರೋಯ್ ಕೇಳಲಿಲ್ಲ. ಅವತ್ತಿನಿಂದ ಚರ್ಚಿನ ಹೊಸ್ತಿಲು ತುಳಿಯಲಿಲ್ಲ.

ಅವನ ಹೆಂಡತಿ ನರ್ಸಿಸಾ, ಎಲ್ಲರ ಬಾಯಲ್ಲಿ ಮರ್ಯಾದೆಯ 'ಆಲಿಂಗ್' ಸೇರಿ ಆಲಿಂಗ್ ಇಸಿಂಗ್, ಜಪಮಾಲೆ ಮಹಿಳಾ ಸಂಘದ ಮುಖ್ಯಸ್ಥೆ. ಬಾತುಕೋಳಿ ಮೊಟ್ಟೆ ವ್ಯಾಪಾರ ಮಾಡುತ್ತಾಳೆ. ಒಂದು ಕೈಯಲ್ಲಿ ಮೊಟ್ಟೆ ಎಣಿಸುತ್ತಾ ಇನ್ನೊಂದು ಕೈಯಲ್ಲಿ ಮಣಿ ಎಣಿಸಬಲ್ಲವಳು. ಪ್ರತಿ ಭಾನುವಾರ ಗಂಡ ಅವಳನ್ನು ತನ್ನ ಮೂರು ಚಕ್ರದ ಗಾಡಿಯಲ್ಲಿ ಕೂರಿಸಿಕೊಂಡು ಬಂದು ಚರ್ಚಿನ ಬಾಗಿಲಿಗೆ ಬಿಟ್ಟು, ತಾನು ಹೊರಗೆ ಬಾದಾಮಿ ಮರದ ನೆರಳಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದ. "ಒಳಗೆ ಬಾರೋ" ಎಂದು ನಾನು ಕರೆದರೆ, "ಮೈಕ್ ಹಾಕಿದಾರಲ್ಲ, ಎಲ್ಲ ಕೇಳಿಸ್ತದೆ. ಬೇಡಾದ್ದೂ ಕೇಳಿಸ್ತದೆ" ಎನ್ನುತ್ತಿದ್ದ.

ನಮ್ಮ ಶಾಲೆಗಳಲ್ಲಿ ಬಾವುಟ ಏರಿಸಿದ ಮೇಲೆ ಮಕ್ಕಳು ಬಲಗೈ ಎತ್ತಿ ದೇಶದ ಹೆಸರಿನಲ್ಲಿ ಪ್ರತಿಜ್ಞೆ ಹೇಳುತ್ತಾರೆ. ನಾನೂ ಟೆರೋಯೂ ಹೇಳುತ್ತಿದ್ದ ಕಾಲದಲ್ಲಿ ಅದರಲ್ಲಿ ಅಪ್ಪ ಅಮ್ಮನ ಮಾತು ಕೇಳುತ್ತೇನೆ, ಕಾನೂನು ಪಾಲಿಸುತ್ತೇನೆ ಎಂದಿತ್ತೇ ಹೊರತು ಪ್ರಾರ್ಥನೆಯ ಸುದ್ದಿ ಇರಲಿಲ್ಲ. ಈ ಶತಮಾನದ ಆರಂಭದಲ್ಲಿ ಅದನ್ನು ಹೊಸದಾಗಿ ಬರೆದಾಗ 'ಸೇವೆ ಮಾಡುತ್ತಾ, ಓದುತ್ತಾ, ಪ್ರಾರ್ಥಿಸುತ್ತಾ' ಎಂದು ಸೇರಿತು. ಅದೂ ಪೂರ್ಣ ಪ್ರಾಮಾಣಿಕತೆಯಿಂದ. ಆಗ ಗೇಟಿನ ಪಕ್ಕದ ದೊಡ್ಡ ಗೋಡೆಯ ಮೇಲೆ ಅದನ್ನು ಬರೆದವನು ಟೆರೋಯೇ. ಆಸುಪಾಸಿನ ಇನ್ನೂ ಹತ್ತು ಶಾಲೆಗಳಲ್ಲೂ ಅವನೇ ಬರೆದ.

"ಹನ್ನೊಂದು ಗೋಡೆ ಮೇಲೆ 'ಪ್ರಾರ್ಥಿಸುತ್ತಾ' ಅಂತ ಬರ್ದಿದೀಯಲ್ಲ, ಒಂದ್ಸಲನಾದ್ರೂ ಮಾಡಿದೀಯಾ?" ಎಂದು ಇಸಿಂಗ್ ಅವನನ್ನು ಚುಚ್ಚುತ್ತಿದ್ದಳು.

"ಶವಪೆಟ್ಟಿಗೆ ಅಂಗಡಿ ಬೋರ್ಡೂ ನಾನೇ ಬರ್ದಿದ್ದು. ಹಂಗಂತ ಒಳಗೆ ಮಲಗಿ ನೋಡ್ಲಾ?"

ಇಪ್ಪತ್ತು ವರ್ಷ ಹೀಗೇ ಸಾಗಿತು. ೨೦೨೩ರ ಆರಂಭದಲ್ಲಿ ಮನಿಲಾದಿಂದ ಆದೇಶ ಬಂತು: ಪ್ರತಿಜ್ಞೆಯಲ್ಲಿ ಒಂದೇ ಒಂದು ಪದ ಬದಲಾಗಬೇಕು. ಪ್ರಾರ್ಥಿಸುತ್ತಾ ಎನ್ನಲು ಇದ್ದ 'ನಗ್ದರಸಾಲ್' ಹೋಗಿ 'ನನನಲಾಂಗಿನ್' ಬರಬೇಕು. ನಮ್ಮ ಮುಖ್ಯೋಪಾಧ್ಯಾಯಿನಿ ದಿಮಕುಲಾಂಗನ್ ಮೇಡಂ ಟೆರೋಯ್‌ನನ್ನು ಕರೆಸಿದರು. ನಿವೃತ್ತಿಗೆ ಒಂದು ವರ್ಷವಿದ್ದ ನಾನು ಪಕ್ಕದಲ್ಲೇ ಕೂತಿದ್ದೆ.

"ಒಂದು ಪದ ಬದಲಾಯಿಸ್ಬೇಕು, ಮಾಂಗ್ ಟೆರೋಯ್" ಎಂದರು ಮೇಡಂ.

"ಯಾವ್ದು ಮೇಡಂ? 'ಪ್ರಾಮಾಣಿಕತೆ'ನಾ? ಅದು ಜಾಸ್ತಿ ದಿನ ಇರಲ್ಲ ಅಂತ ನಂಗೆ ಅವತ್ತೇ ಅನ್ನಿಸಿತ್ತು."

"ತಮಾಷೆ ಬೇಡ. 'ನಗ್ದರಸಾಲ್' ತೆಗ್ದು 'ನನನಲಾಂಗಿನ್' ಹಾಕಿ."

"ಎರಡೂ ಪ್ರಾರ್ಥನೆನೇ ಅಲ್ವಾ?"

"ಎರಡೂ ಪ್ರಾರ್ಥನೆನೇ."

"ಮತ್ತೆ?"

ಮೇಡಂ ಕನ್ನಡಕ ಏರಿಸಿಕೊಂಡು ಆದೇಶದ ಸಾರ ಹೇಳಿದರು. ಹಳೆಯ ಪದದ ಬೇರು ಸ್ಪೇನಿನವರು ಬಿಟ್ಟುಹೋದದ್ದು. ಹೊಸದು ನಮ್ಮದೇ ಮಣ್ಣಿನದು. ಯಾವ ಧರ್ಮದವರ ಬಾಯಿಗೂ ಒಗ್ಗುತ್ತದೆ.

ಟೆರೋಯ್ ತಲೆದೂಗಿದ. "ಅಂದ್ರೆ ಇಪ್ಪತ್ತು ವರ್ಷ ಈ ಮಕ್ಳು ಸ್ಪೇನ್‌ಗೆ ಫೋನ್ ಮಾಡ್ತಾ ಇದ್ರು ಅನ್ನಿ. ಅದಕ್ಕೇ ನೋಡಿ, ಗಣಿತದಲ್ಲಿ ಒಬ್ಬನೂ ಪಾಸಾಗ್ಲಿಲ್ಲ."

"ಗಣಿತ ನಾನು ಹೇಳ್ಕೊಡೋದು ಕಣೋ" ಎಂದೆ ನಾನು.

"ಹಂಗಾದ್ರೆ ಸ್ಪೇನಿನವ್ರದ್ದೇನೂ ತಪ್ಪಿಲ್ಲ ಬಿಡು."

ನಗು ಮುಗಿದ ಮೇಲೆ ಕುಶಲಕರ್ಮಿಯ ಚಿಂತೆ ಶುರುವಾಯಿತು. ರೋಮನ್ ಲಿಪಿಯಲ್ಲಿ ಹಳೆಯ ಪದಕ್ಕೆ ಹತ್ತು ಅಕ್ಷರ, ಹೊಸದಕ್ಕೆ ಹನ್ನೆರಡು. ಹತ್ತರ ಜಾಗದಲ್ಲಿ ಹನ್ನೆರಡನ್ನು ಕೂರಿಸಬೇಕು. "ಜೀಪ್ನಿಯಲ್ಲಿ ಕೂರಿಸ್ದಂಗೆ, ಸ್ವಲ್ಪ ಸ್ವಲ್ಪ ಒತ್ಕೊಳ್ಳಿ ಅನ್ಬೇಕು" ಎಂದುಕೊಂಡು ಗೋಡೆ ಅಳೆಯಲು ಹೋದ. ಕಾಗುಣಿತ ನೋಡಿಕೊಳ್ಳುವ ಹೊಣೆಯನ್ನು ಮೇಡಂ ನನಗೆ ಒಪ್ಪಿಸಿದರು. ಆ ಪದವನ್ನು ಒಂದು ಚೀಟಿಯಲ್ಲಿ ದುಂಡಗೆ ಬರೆದು ಅವನ ಕೈಗೆ ನಾನೇ ಕೊಟ್ಟೆ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಶುಕ್ರವಾರ ಬೆಳಿಗ್ಗೆ ಬಿದಿರಿನ ಅಟ್ಟಣೆ ಕಟ್ಟಿ ಹಳೆಯ ಪದದ ಮೇಲೆ ಬಿಳಿ ಬಳಿದ. ಹನ್ನೊಂದರ ಹೊತ್ತಿಗೆ ಅದು ಒಣಗಿತು. ಅವನು ಮೊದಲ ಅಕ್ಷರಕ್ಕೆ ಕುಂಚ ಇಟ್ಟಾಗ ಇಸಿಂಗ್ ಊಟದ ಡಬ್ಬಿ ಹಿಡಿದು ಬಂದಳು. ಜೊತೆಗೆ ಜಪಮಾಲೆ ಸಂಘದ ಇಬ್ಬರಿದ್ದರು. ಗೋಡೆಯ ಮೇಲಿನ ಬಿಳಿ ತೇಪೆ ಕಂಡದ್ದೇ ಇಸಿಂಗ್ ನಿಂತುಬಿಟ್ಟಳು. ಅಳಿಸಿಹೋದ ಪದದ ಬೇರಾದ ದಸಾಲ್ ಎಂದರೆ ಅವರ ಜಪಮಾಲೆ, ಅವರ ಒಂಬತ್ತು ದಿನದ ಪ್ರಾರ್ಥನೆ, ಸತ್ತವರಿಗೆ ಅವರು ಹೇಳುವ ಬಿನ್ನಹ. ಅವರ ಪದವನ್ನೇ ಅವಳ ಗಂಡ ಅಳಿಸಿದ್ದ.

"ಇಷ್ಟು ವರ್ಷ ನಮ್ಮ ಪದ ದೇಶಕ್ಕೆ ಚೆನ್ನಾಗಿತ್ತು. ಈಗ ಅದೇನು ವಾಸ್ನೆ ಬಂತಂತೆ?" ಎಂದಳು.

"ನನ್ನ ಕೇಳ್ಬೇಡ. ನಾನು ಎರಡನ್ನೂ ಮಾಡಲ್ಲ" ಎಂದ ಟೆರೋಯ್ ಮೇಲಿನಿಂದ.

ಅಷ್ಟರಲ್ಲಿ ಮೊಮ್ಮಗನನ್ನು ಕರೆದೊಯ್ಯಲು ಬಂದ ಸಿಸ್ಟರ್ ದುಲ್ಸೆ ಗೇಟಿನಲ್ಲಿ ನಿಂತಳು. ಅವಳು ಮಾರುಕಟ್ಟೆಯ ಮಹಡಿಯ ಮೇಲೆ ಗಿಟಾರ್ ಬಾರಿಸಿ ಪ್ರಾರ್ಥನೆ ಮಾಡುವ ಹೊಸ ಸಭೆಯ ಪಾಸ್ಟರನ ಹೆಂಡತಿ.

"ಒಳ್ಳೇದೇ ಆಯ್ತು ಬಿಡಿ ಆಲಿಂಗ್ ಇಸಿಂಗ್. ದೇವ್ರ ಹತ್ರ ನೇರವಾಗಿ ಮಾತಾಡ್ಬೇಕು. ಮಣಿ ಎಣಿಸ್ಕೊಂಡು ಹೇಳಿದ್ದನ್ನೇ ಹೇಳಿದ್ರೆ ಅವ್ನಿಗೂ ಬೇಜಾರಾಗಲ್ವಾ?"

"ಬೇಜಾರಾಗೋದು ನಿಮ್ಮ ಡ್ರಮ್ ಸದ್ದಿಗೆ ಕಣಮ್ಮ. ಭಾನುವಾರ ನಮ್ಮ ಬಾತುಕೋಳಿ ಮೊಟ್ಟೆನೇ ಇಡಲ್ಲ!"

"ಬಾತುಕೋಳಿನೂ ಕುಣೀತಾ ಇರ್ಬೇಕು."

"ಸರ್ ತೀನೋ, ನೀವು ಓದ್ದೋರು, ನೀವೇ ಹೇಳಿ" ಎಂದು ಇಸಿಂಗ್ ನನ್ನ ತೋಳು ಹಿಡಿದಳು. ಸಿಸ್ಟರ್ ದುಲ್ಸೆ ಇನ್ನೊಂದು ತೋಳು ಹಿಡಿದಳು. ಗೋಡೆ ನೋಡಬೇಕಾದ ನಾನು ಅರ್ಧ ಗಂಟೆ ದೇವಶಾಸ್ತ್ರ ಮಾತಾಡಿದೆ, ಇಬ್ಬರಿಂದಲೂ ಬೈಸಿಕೊಂಡೆ. ಮೇಲೆ ಟೆರೋಯ್, "ಬಿದಿರು ಅಲ್ಲಾಡಿಸ್ಬೇಡ್ರೇ, ಬಿದ್ರೆ ಯಾರ ಪ್ರಾರ್ಥನೆನೂ ನನ್ನನ್ನ ಹಿಡ್ಯಲ್ಲ" ಎನ್ನುತ್ತಾ, ನಡುನಡುವೆ ಇಬ್ಬರ ಮಾತಿಗೂ ಉಪ್ಪು ಸೇರಿಸುತ್ತಾ, ಬರೆಯುತ್ತಾ ಹೋದ. ಕೊನೆಗೆ ಇಳಿದು, ಅಕ್ಕಿಯಷ್ಟೇ ಬೆಳ್ಳಗಿದ್ದ ಹಲ್ಲು ಬಿಟ್ಟು, "ಹೆಂಗೆ ಕೂತಿದೆ ನೋಡು!" ಎಂದ. ಪದ ಸಾಲಿನಲ್ಲಿ ಎಷ್ಟು ಚೆಂದವಾಗಿ ಕೂತಿತ್ತೆಂದರೆ ಅದನ್ನು ಓದಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸೋಮವಾರ ಬಾವುಟ ಏರಿತು. ನಾನೂರು ಮಕ್ಕಳು ಬಲಗೈ ಎತ್ತಿದರು. ಹಳೆಯ ಪದ ಬಾಯಿಪಾಠವಾಗಿದ್ದರಿಂದ ಹೊಸದು ಬರುವ ಜಾಗಕ್ಕೆ ಎಲ್ಲರೂ ಗೋಡೆ ನೋಡಿಕೊಂಡು ಓದಬೇಕೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಸೇವೆ ಆಯಿತು, ಓದು ಆಯಿತು. ಆಮೇಲೆ ನಾನೂರು ಗಂಟಲು ಒಟ್ಟಿಗೆ:

"ನ-ನ-ನ-ನ-ಲಾಂಗಿನ್!"

ಒಂದು ಕ್ಷಣ ಮಕ್ಕಳೇ ಬೆಚ್ಚಿದರು. ಆಮೇಲೆ ಅವರಿಗೆ ಅದು ಎಷ್ಟು ರುಚಿಸಿತೆಂದರೆ, ಪ್ರತಿಜ್ಞೆ ಮುಗಿಸಿ ಸಾಲಾಗಿ ತರಗತಿಗೆ ಹೋಗುವಾಗ ಹೆಜ್ಜೆಗೊಂದು 'ನ' ಹಾಕಿಕೊಂಡು ಹೋದರು. ಗೇಟಿನ ಬಳಿ ನಿಂತು ತನ್ನ ಕೆಲಸದ ಸೊಬಗು ನೋಡುತ್ತಿದ್ದ ಟೆರೋಯ್‌ನ ಹತ್ತಿರ ನನ್ನ ತರಗತಿಯ ನೋರ್ಹಾನಿ ಹೋದಳು. ಮಾರುಕಟ್ಟೆಯಲ್ಲಿ ಕೊಡೆ, ಮೊಬೈಲ್ ಕವರ್ ಮಾರುವ ದಕ್ಷಿಣದ ದ್ವೀಪದಿಂದ ಬಂದ ಮರಾನಾವೋ ಸಾಬರ ಮಗಳು ಅವಳು. ನನ್ನ ಮಕ್ಕಳಲ್ಲಿ ಚೆನ್ನಾಗಿ ಓದುವವಳು.

"ಅಜ್ಜಾ, ಅಲ್ಲಿ ಒಂದು 'ನ' ಜಾಸ್ತಿ ಇದೆ."

"ಎಲ್ಲಿ ಮಗಾ?"

"ಮೂರು ಇರ್ಬೇಕು. ನೀವು ನಾಲ್ಕು ಬರ್ದಿದೀರಿ."

ಟೆರೋಯ್ ಗೋಡೆ ನೋಡಿದ. ತುಟಿ ಅಲ್ಲಾಡಿಸಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಆಮೇಲೆ ಟೋಪಿ ಕಣ್ಣಿನವರೆಗೆ ಎಳೆದುಕೊಂಡು, ಯಾರಿಗೂ ಹೇಳದೆ ಗಾಡಿ ಹತ್ತಿ ಹೋಗಿಬಿಟ್ಟ.

ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಊರು ಮಾತ್ರ ಸುಮ್ಮನಿರಲಿಲ್ಲ. ಗಾಡಿ ಓಡಿಸುವವರು ಹಾರ್ನ್ ಬದಲು ನನನನ ಎನ್ನುತ್ತಿದ್ದರು. ಪೇಟೆಯಲ್ಲಿ ಕಂಪ್ಯೂಟರಿನಿಂದ ಬ್ಯಾನರ್ ಮುದ್ರಿಸುವ ಅಂಗಡಿಯವನು, 'ನಮ್ಮಲ್ಲಿ ಅಕ್ಷರ ಎಣಿಸಿ ಕೊಡಲಾಗುತ್ತದೆ' ಎಂದು ಹೊಸ ಫಲಕ ನೇತುಹಾಕಿದ. ಟೆರೋಯ್‌ನ ಕಸುಬಿನ ಮುಕ್ಕಾಲು ಪಾಲನ್ನು ಆ ಅಂಗಡಿ ಆಗಲೇ ನುಂಗಿತ್ತು.

ಗುರುವಾರ ಶಾಲೆ ಬಿಟ್ಟ ಮೇಲೆ ನಾನು ಹೋದೆ. ಹಿತ್ತಿಲಲ್ಲಿ ಕುಂಚಗಳನ್ನೆಲ್ಲ ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿಟ್ಟು ಕೂತಿದ್ದ.

"ಅದು ಬೇಕಂತ್ಲೇ ಬರ್ದಿದ್ದು" ಎಂದ ನನ್ನನ್ನು ನೋಡಿದ ಕೂಡಲೇ. "ನಾಲ್ಕು 'ನ'. ಒಂದು ಇಸಿಂಗ್ ಕಡೆಯವ್ರಿಗೆ, ಒಂದು ದುಲ್ಸೆ ಕಡೆಯವ್ರಿಗೆ, ಒಂದು ಆ ಕೊಡೆ ಸಾಬ್ರಿಗೆ, ಒಂದು ಬೇರೆ ಯಾರಾದ್ರೂ ಬಂದ್ರೆ ಇರ್ಲಿ ಅಂತ. ಯಾರಿಗೂ ಜಗಳ ಬೇಡ."

"ನಿಂಗೆ?"

"ನಂಗ್ಯಾಕೆ?"

ಸೀಮೆಎಣ್ಣೆಯ ಡಬ್ಬಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಅವನೇ, "ಜಾಗ ಸಾಲಲ್ಲ ಅಂತ ಹೆದ್ರಿ ಅಕ್ಷರ ತೀರಾ ಸಣ್ಣ ಮಾಡ್ಬಿಟ್ಟೆ ಕಣೋ. ಜಾಗ ಉಳೀತು. ಹೆಂಗಸ್ರ ಜಗಳ ಕೇಳ್ತಾ ಇದ್ನಲ್ಲ, ಇನ್ನೊಂದು 'ನ' ಹತ್ಕೊಂಡು ಕೂತಿದ್ದು ಗೊತ್ತಾಗ್ಲಿಲ್ಲ" ಎಂದ. ಆಮೇಲೆ ದನಿ ತಗ್ಗಿಸಿ, "ಐವತ್ತು ವರ್ಷ. ಒಂದಕ್ಷರ ತಪ್ಪಿರ್ಲಿಲ್ಲ. ಅದೂ ಒಂದು ಮಗು ಹೇಳ್ಬೇಕಾಯ್ತು."

"ನೋಡ್ಬೇಕಾಗಿದ್ದೋನು ನಾನು, ಟೆರೋಯ್."

"ಹೌದು. ನೀನು ಫಿಲಿಪ್ಪ ಆಗೋಕೂ ಲಾಯಕ್ಕಿರ್ಲಿಲ್ಲ."

ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬರುವ ಸೋಮವಾರವೇ ಶಾಲೆಗೆ ಭೇಟಿ ಕೊಡುತ್ತಾರೆ, ಹೊಸ ಪದ ಮಕ್ಕಳಿಗೆ ಬಂದಿದೆಯೇ ಎಂದು ನೋಡುತ್ತಾರೆ ಎಂದು ತಿಳಿಸಿದೆ. ಅವನು ಕುಂಚ ಮುಟ್ಟಲಿಲ್ಲ. ಆ ಬ್ಯಾನರಿನವನಿಗೇ ಹೇಳಿ ಎಂದ. ಅಡುಗೆಮನೆಯಿಂದ ಇಸಿಂಗ್ ಬಂದಳು. ತನ್ನ ಪದ ಅಳಿಸಿದ ಸಿಟ್ಟು ಅವಳಿಗಿನ್ನೂ ಆರಿರಲಿಲ್ಲ. ಆದರೂ ಗಂಡನನ್ನು ಬ್ಯಾನರಿನವನು ಗೇಲಿ ಮಾಡಿದ್ದು ಅವಳಿಗೆ ಅದಕ್ಕಿಂತ ಹೆಚ್ಚು ಉರಿದಿತ್ತು.

"ನಾಳೆ ಬೆಳಿಗ್ಗೆ ನೀನು ಹೋಗಿ ಸರಿ ಮಾಡ್ತೀಯೋ, ನಾನೇ ಏಣಿ ಹತ್ಲೋ? ನನ್ನ ಅಕ್ಷರ ಹೆಂಗಿರ್ತದೆ ಗೊತ್ತಲ್ಲ? ಅದರ ಕೆಳಗೆ ನಿನ್ನ ಹೆಸ್ರು ಹಾಕ್ತೀನಿ."

ಇಸಿಂಗ್‌ಳ ಅಕ್ಷರ ನಾನೂ ನೋಡಿದ್ದೇನೆ, ಮೊಟ್ಟೆಯ ಬುಟ್ಟಿಗಳ ಮೇಲೆ. ಶುಕ್ರವಾರ ಏಳು ಗಂಟೆಗೇ ಟೆರೋಯ್ ಅಟ್ಟಣೆಯ ಮೇಲಿದ್ದ. ಇಡೀ ಪದಕ್ಕೆ ಬಿಳಿ ಬಳಿದು, ಮತ್ತೆ ಬರೆದ. ಈ ಸಲ ಗೇಟಿಗೆ ಬೀಗ ಹಾಕಿಸಿದ್ದೆ.

ಗೋಡೆ ಸರಿಯಾಯಿತು, ಮಕ್ಕಳು ಸರಿಯಾಗಲಿಲ್ಲ. ನಾಲ್ಕು 'ನ'ಗಳ ರುಚಿ ಕಂಡವರು ಮೂರಕ್ಕೆ ಒಪ್ಪುತ್ತಾರೆಯೇ? ಶುಕ್ರವಾರವಿಡೀ ನಾವು ಮೇಷ್ಟ್ರುಗಳು ಗಣಿತ, ವಿಜ್ಞಾನ ಎಲ್ಲ ಬಿಟ್ಟು 'ನ' ಎಣಿಸುವುದನ್ನು ಕಲಿಸಿದೆವು. ಸೋಮವಾರ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಬಾರೋಂಗ್ ಅಂಗಿ, ಕೈಯಲ್ಲಿ ಆದೇಶದ ಪ್ರತಿ. ಪ್ರತಿಜ್ಞೆಗೆ ಮೊದಲು ಹತ್ತು ನಿಮಿಷ ಭಾಷಣ ಮಾಡಿದರು. ಒಂದು ಪದದಲ್ಲಿ ಒಂದು ದೇಶದ ಆತ್ಮವಿದೆ, ನಾವು ಯಾವ ಪದದಿಂದ ಪ್ರಾರ್ಥಿಸುತ್ತೇವೋ ಅದೇ ನಾವು, ಇತ್ಯಾದಿ. ಆಮೇಲೆ, ತಾವೇ ಹೇಳಿಕೊಡುವುದಾಗಿ ಮೈಕು ಹಿಡಿದು ಬಲಗೈ ಎತ್ತಿದರು.

ಮಕ್ಕಳು ಗೋಡೆಯ ಮೇಲೆ ಕಣ್ಣು ನೆಟ್ಟು, ಉಸಿರು ಬಿಗಿ ಹಿಡಿದು, ಆ ಜಾಗ ಬಂದಾಗ ಬೆರಳು ಮಡಚಿಕೊಂಡು, ಎಣಿಸಿ ಮೂರೇ 'ನ' ಹೇಳಿದರು. ಅದೇ ಹೊತ್ತಿಗೆ ಮೈಕಿನಿಂದ, ಸರೋವರದ ಆಚೆ ದಡಕ್ಕೂ ಕೇಳುವಂತೆ, ಅಧಿಕಾರಿಯ ದನಿ ಮೊಳಗಿತು:

"ನಗ್ದರಸಾಲ್!"

ಇಪ್ಪತ್ತು ವರ್ಷದ ನಾಲಿಗೆ, ಅವರೇನು ಮಾಡಿಯಾರು? ದಿಮಕುಲಾಂಗನ್ ಮೇಡಂ ಬಾವುಟದ ಕಂಬವನ್ನು ಮೇಲಿಂದ ಕೆಳಗೆ ಪರೀಕ್ಷಿಸತೊಡಗಿದರು. ಗೇಟಿನ ಕಡೆಯಿಂದ ಮಾತ್ರ ಒಂದು ನಗು ಹೊರಟಿತು, ಟೆರೋಯ್‌ನದು. ತಡೆಯಲು ನೋಡಿದ, ಕೆಮ್ಮಿನ ವೇಷ ಹಾಕಿಸಿದ, ಆಗದೆ ಗೋಡೆಗೆ ಒರಗಿಕೊಂಡು ಕಣ್ಣೀರು ಬರುವಷ್ಟು ನಕ್ಕ. ಒಂದು ವಾರದ ಅವಮಾನವೆಲ್ಲ ಅದರಲ್ಲಿ ಕೊಚ್ಚಿ ಹೋಯಿತು. ಅಧಿಕಾರಿ ಒಳ್ಳೆಯ ಮನುಷ್ಯ. ಕೆಂಪಾದ ಕಿವಿಯಲ್ಲೇ ಮುಗಿಸಿ ಕೆಳಗಿಳಿದು ಬಂದು, "ಬೆಳಿಗ್ಗೆ ಕಾಫಿ ಆಗಿರ್ಲಿಲ್ಲ" ಎಂದರು. ಆಮೇಲೆ ಗೋಡೆಯ ಅಕ್ಷರಗಳನ್ನು ಬಹಳ ಹೊತ್ತು ನೋಡಿ, ಯಾರು ಬರೆದದ್ದೆಂದು ವಿಚಾರಿಸಿ, ಉಳಿದ ಹತ್ತು ಶಾಲೆಗಳ ಗೋಡೆಯನ್ನೂ ಅವನಿಂದಲೇ ತಿದ್ದಿಸಿ ಎಂದು ಹೇಳಿ ಹೋದರು. ಬ್ಯಾನರಿನವನಿಗೆ ಒಂದು ಗೋಡೆಯೂ ದಕ್ಕಲಿಲ್ಲ.

ಆ ಹತ್ತು ಶಾಲೆಗಳ ಕೆಲಸವೇ ಇನ್ನೊಂದು ಪಜೀತಿ ತಂದಿತು. ಮತ್ತೆ ತಪ್ಪಬಾರದೆಂದು ಟೆರೋಯ್ ಅಟ್ಟಣೆಯ ಮೇಲೆ ಎಡಗೈ ಬೆರಳು ಒಂದೊಂದಾಗಿ ಮಡಚುತ್ತಾ, ತುಟಿಯಲ್ಲೇ "ನ... ನ... ನ..." ಎಂದು ಎಣಿಸಿಕೊಂಡು ಬರೆಯುತ್ತಿದ್ದ. ಕೆಳಗೆ ಹೋಗುವವರಿಗೆ ಕಂಡದ್ದು ಇಷ್ಟು: ಮೂವತ್ತಾರು ವರ್ಷ ಚರ್ಚಿನ ಒಳಗೆ ತಲೆಹಾಕದ ಮಾಂಗ್ ಟೆರೋಯ್, ಪ್ರಾರ್ಥನೆ ಎಂಬ ಪದದ ಮುಂದೆ ನಿಂತು, ತುಟಿ ಅಲ್ಲಾಡಿಸುತ್ತಾ, ಬೆರಳು ಎಣಿಸುತ್ತಿದ್ದಾನೆ. ಸುದ್ದಿ ಅವನ ಗಾಡಿಗಿಂತ ಬೇಗ ಊರು ಸೇರಿತು.

ಅವನ ಮನೆಗೆ ಮೊದಲು ಬಂದವರು ಈಗಿನ ಪಾದ್ರಿ. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಬಿಸ್ಕತ್ತಿನ ಡಬ್ಬಿ ತಂದಿದ್ದರು. ನಾನೂ ಅಲ್ಲಿದ್ದೆ.

"ಮಾಂಗ್ ಟೆರೋಯ್, ಬೆರಳಲ್ಲೇ ಜಪಮಾಲೆ ಹೇಳ್ತಿದೀರಂತೆ. ಕೇಳಿ ಸಂತೋಷ ಆಯ್ತು. ಈ ಸಲ ಹಬ್ಬದ ಮೆರವಣಿಗೆಯಲ್ಲಿ ಸಂತರ ಪಲ್ಲಕ್ಕಿಗೆ ನೀವು ಹೆಗಲು ಕೊಡ್ಬೇಕು."

"ಯಾವ ಜಪಮಾಲೆ ಫಾದರ್?" ಎಂದು ಟೆರೋಯ್ ಬಾಯಿ ತೆರೆದ. ಇಸಿಂಗ್ ಅವನ ಪಕ್ಕೆಗೆ ಚಿವುಟಿದಳು. ಅವಳ ಮುಖ ನೋಡಿ ಅವನು ಬಾಯಿ ಮುಚ್ಚಿದ.

ಎರಡು ದಿನ ಬಿಟ್ಟು ಸಿಸ್ಟರ್ ದುಲ್ಸೆ ಗಂಡನನ್ನು ಕರೆದುಕೊಂಡು ಬಂದಳು. "ಕೈಯಲ್ಲಿ ಮಣಿ ಇರ್ಲಿಲ್ಲ ಅಂತ ನೋಡ್ದೋರು ಹೇಳಿದ್ರು. ಮಣಿ ಇಲ್ದೆ ಪ್ರಾರ್ಥನೆ ಮಾಡೋರು ನಮ್ಮೋರೇ" ಎಂದು ಪಾಸ್ಟರ್ ಅವನ ಎರಡೂ ಕೈ ಹಿಡಿದುಕೊಂಡರು. ಹೋಗುವಾಗ ಇಸಿಂಗ್‌ಗೂ ಒಂದು ಹಾಡಿನ ಪುಸ್ತಕ ಕೊಟ್ಟರು. ಅವಳು ಅದನ್ನು ಬಾತುಕೋಳಿ ಗೂಡಿನ ಬಾಗಿಲಿಗೆ ಅಡ್ಡ ಕೊಟ್ಟಳು.

ಟೆರೋಯ್ ಒಂದು ವಾರ ಯಾರಿಗೂ ಏನೂ ಹೇಳಲಿಲ್ಲ. ಹೆಂಡತಿ ಮಾರುಕಟ್ಟೆಗೆ ಹೋದರೆ ಹೆಂಗಸರು ಎದ್ದು ಜಾಗ ಬಿಡುತ್ತಿದ್ದರು. ಹಟಮಾರಿ ಗಂಡನನ್ನು ಪ್ರಾರ್ಥನೆಯ ಬಲದಿಂದಲೇ ಗೆದ್ದವಳೆಂದು ಅವಳ ಮುಂದೆ ತಮ್ಮ ತಮ್ಮ ಗಂಡಂದಿರ ಪಟ್ಟಿ ಇಡುತ್ತಿದ್ದರು. ಅವಳು ಇಷ್ಟು ಖುಷಿಯಾಗಿದ್ದದ್ದನ್ನು ಅವನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಆದರೆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅವನಿಗೆ ಬರದ ವಿದ್ಯೆ. ಒಂದು ಸಂಜೆ ಹಿತ್ತಿಲಲ್ಲಿ ಇಬ್ಬರೂ ಮೊಟ್ಟೆ ತೊಳೆಯುತ್ತಾ ಕೂತಿದ್ದಾಗ ಹೇಳಿಬಿಟ್ಟ. ಇದನ್ನು ನನಗೆ ಹೇಳಿದ್ದು ಇಸಿಂಗ್‌ಳೇ.

"ಇಸಿಂಗ್, ನಾನು ಪ್ರಾರ್ಥನೆ ಮಾಡ್ತಿರ್ಲಿಲ್ಲ. 'ನ' ಎಣಿಸ್ತಿದ್ದೆ."

"ಗೊತ್ತು."

"ಗೊತ್ತಾ? ಮತ್ತೆ ಚಿವುಟಿದ್ದು ಯಾಕೆ?"

"ಬಿಸ್ಕತ್ತು ಚೆನ್ನಾಗಿತ್ತು." ಅವಳು ಇನ್ನೂ ಎರಡು ಮೊಟ್ಟೆ ಒರೆಸಿಟ್ಟಳು. "ನಾನೇನು ದೊಡ್ಡ ಸಾಧು ಅಂದ್ಕೊಂಡಿದೀಯಾ? ಒಂದು ಮಾಲೆಗೆ ಐವತ್ಮೂರು ಸಲ ಹೇಳಿದ್ದನ್ನೇ ಹೇಳ್ತೀನಿ. ಹತ್ತು ಸಲ ಆದ್ಮೇಲೆ ಅನ್ನ ಸೀಯ್ತಾ ಇದ್ಯೇನೋ ಅಂತ ಯೋಚ್ನೆ. ಇಪ್ಪತ್ತಾದ್ಮೇಲೆ ಕಾಲು ಜೋಮು. ಕೊನೆಕೊನೆಗೆ ನಾನೂ ಬರೀ ಎಣಿಸ್ತಾ ಇರ್ತೀನಿ."

ಟೆರೋಯ್ ಕೈಯಲ್ಲಿದ್ದ ಮೊಟ್ಟೆ ಹಾಗೇ ಹಿಡಿದು ಅವಳನ್ನೇ ನೋಡಿದನಂತೆ. "ಮೂವತ್ತಾರು ವರ್ಷ ನನ್ನನ್ನ ಬೈದ್ಯಲ್ಲೇ!"

"ಎಣಿಸೋಕೂ ಬರ್ತಿರ್ಲಿಲ್ವಲ್ಲ ನಿಂಗೆ. ಅದಕ್ಕೆ ಬೈದೆ."

ಹಬ್ಬದ ದಿನ ಅವನು ಸಂತರ ಪಲ್ಲಕ್ಕಿಗೆ ಹೆಗಲು ಕೊಟ್ಟ. ಕಾರಣ ಕೇಳಿದ್ದಕ್ಕೆ, "ಪಲ್ಲಕ್ಕಿ ದಂಡಿಗೆಗೆ ಬಣ್ಣ ಹೊಡೆದೋನು ನಾನು, ಒಣಗಿದ್ಯೋ ಇಲ್ವೋ ನೋಡ್ಬೇಕಿತ್ತು" ಎಂದ. ಒಣಗಿರಲಿಲ್ಲ. ಮೆರವಣಿಗೆ ಮುಗಿಯುವ ಹೊತ್ತಿಗೆ ಹೊತ್ತವರೆಲ್ಲರ ಬಿಳಿ ಅಂಗಿಯ ಹೆಗಲೂ ನೀಲಿಯಾಗಿತ್ತು. ಪಾದ್ರಿಗಳು ಅದನ್ನು ಸಂತರ ಗುರುತೆಂದು ಉಪದೇಶದಲ್ಲಿ ಹೇಳಲು ಹೊರಟಿದ್ದರು. ಇಸಿಂಗ್‌ಳೇ ಹೋಗಿ ತಡೆದು, ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿದಳು.